ನಿಲ್ಲು ಎಂದರೆ ನಿಲ್ಲದ ಥ್ರೆಡ್

ಎರಡು ಸಾವಿರದ ಎರಡನೇ ಇಸವಿ. ಚೆನ್ನೈಯ ಅಡ್ಯಾರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಬೆಳಿಗ್ಗೆ ಹತ್ತೂವರೆಗೆ ರಂಜನಿ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು. ಹನ್ನೊಂದಕ್ಕೆ ರಾಯಪುರಂನಿಂದ ಗಿರಾಕಿ ರೇವಣಸಿದ್ದಪ್ಪನವರು ಬರುವವರು. ಬಂದರಿನಲ್ಲಿ ಅವರ ಕಂಟೇನರುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಅವಳ ಪ್ರೋಗ್ರಾಂ ಎರಡು ಸಲ ಅವರೆದುರೇ ಕೆಟ್ಟಿತ್ತು. ಮೂರನೇ ಸಲ ಕೆಟ್ಟರೆ ಕೆಲಸ ಬೇರೆ ಕಂಪನಿಗೆ. ಆರು ತಿಂಗಳ ಅವಳ ದುಡಿಮೆ ನೀರಿಗೆ.

ರೋಗ ಒಂದೇ. ಪ್ರತಿ ಕ್ರೇನಿಗೂ ಒಂದು ಥ್ರೆಡ್, ಎಂದರೆ ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ದುಡಿಯುವ ಒಬ್ಬ ಆಳು. ನಿಲ್ಲಿಸುವ ಬಟನ್ ಒತ್ತಿದರೆ ಆ ಆಳು ನಿಲ್ಲುತ್ತಿರಲಿಲ್ಲ. ಕತ್ತು ಹಿಡಿದು ನಿಲ್ಲಿಸಿದರೆ ಒಂದೇ ಕಂಟೇನರು ಹಡಗಿನಲ್ಲೂ ಇರುತ್ತಿತ್ತು, ಯಾರ್ಡಿನಲ್ಲೂ ಇರುತ್ತಿತ್ತು. ದೇವರಿಗೆ ಮಾತ್ರ ಸಲ್ಲುವ ಗುಣ.

ಕ್ರೇನಿನ ಕೋಡಿನ ತಳದಲ್ಲಿ ಅವಳ ಕಣ್ಣಿಗೆ ಅದು ಬಿತ್ತು: ನಿಲ್ಲು ಎಂದಾಗ ಏಳುವ ಎಕ್ಸೆಪ್ಷನ್ನನ್ನು, ಎಂದರೆ ಆ ಕೂಗನ್ನು ಹಿಡಿದು, ಯಾರಿಗೂ ಹೇಳದೆ ನುಂಗಿಬಿಡುವ ಖಾಲಿ ಕ್ಯಾಚ್ ಎಂಬ ತುಂಡು ಕೋಡು.

"ಸುಶಮೀಂದ್ರ ಸಾರ್, ಇದು ನಿಮ್ಮ ಕೆಲಸಾನಾ?"

ಟೀಮ್ ಲೀಡರ್ ಸುಶಮೀಂದ್ರ, ಮೂರು ತಲೆಮಾರಿನ ಮದರಾಸಿಗರು, ಕಾಫಿ ಲೋಟ ಕೆಳಗಿಟ್ಟರು. "ಆಮಾ, ನಂದೇ. ಕೆಂಪಗೆ ಎರರ್ ಬಂದ್ರೆ ಪಾರ್ಟಿ ಭಯಪಡ್ತಾರಲ್ಲಮ್ಮಾ. ಡೆಮೋ ಶುಭವಾಗಿರಲಿ ಅಂತ ಎಲ್ಲಾ ಮುಚ್ಚಿಬಿಟ್ಟೆ."

"ನಿಲ್ಲು ಅಂದಿದ್ದು ಥ್ರೆಡ್ಡಿಗೆ ತಲುಪ್ತಾನೇ ಇಲ್ಲ ಸಾರ್!"

"ಹಾಗಾದ್ರೆ ಕೇಳಿದ ತಕ್ಷಣ ನಿಂತ್ಕೊಳೋ ಹಾಗೆ ಮಾಡು. ಮುಡಿಂಜುದು, ಮುಗೀತು."

"ಪಂಕ್ತೀಲಿ ಕೂತಾಗ ಕೈಲಿ ತುತ್ತು ಹಿಡ್ಕೊಂಡೇ ಎದ್ದುಬಿಡ್ತೀರಾ? ತುತ್ತು ಮುಗಿಸಿ, ಕೊನೇಲಿ ಉತ್ತರಾಪೋಶನದ ನೀರು ತಗೊಂಡು, ಎಲ್ಲರದೂ ಆಗೋವರೆಗೂ ಕಾದು ತಾನೇ ಏಳೋದು?"

ಸುಶಮೀಂದ್ರರಿಗೆ ಜಾವಾ ಅಷ್ಟಕ್ಕಷ್ಟೇ; ಪಂಕ್ತಿ ಚೆನ್ನಾಗಿ ಗೊತ್ತಿತ್ತು. "ಅಡ ಕಡವುಳೇ, ದೇವರೇ! ಬರಿ, ಬರಿ, ಬೇಗ!"

ಬರೆದಳು. ಕೂಗು ಕೇಳಿದರೆ ಪರದೆಯ ಲಾಗಿನಲ್ಲಿ ಹೇಳು, ಕೈಯಲ್ಲಿರುವ ಕಂಟೇನರು ಇಳಿಸು, ಆಮೇಲೆ ನಿಲ್ಲು. ಎಲ್ಲ ಕ್ರೇನುಗಳೂ ನಿಲ್ಲುವವರೆಗೆ ಪ್ರೋಗ್ರಾಂ ಕಾಯಬೇಕು. ಕೊನೆಯ ಸಾಲಿಗೂ ರೇವಣಸಿದ್ದಪ್ಪನವರ ಚಪ್ಪಲಿ ಸದ್ದಿಗೂ ಎರಡು ನಿಮಿಷದ ಅಂತರವೂ ಇರಲಿಲ್ಲ.

ಅವರು ಕೂರಲೂ ಇಲ್ಲ. ಪರದೆಯ ಕ್ರೇನಿನಲ್ಲಿ ಕಂಟೇನರು ಇನ್ನೂ ಗಾಳಿಯಲ್ಲಿರುವಾಗಲೇ ನಿಲ್ಲಿಸುವ ಬಟನ್ ಒತ್ತಿದರು.

ಪರದೆಯ ಮೇಲೆ ಕೆಂಪು ಸಾಲು: ನಿಲ್ಲುವ ಕೂಗು ಕೇಳಿತು! ಸುಶಮೀಂದ್ರ ಕಣ್ಣು ಮುಚ್ಚಿಕೊಂಡರು. ಒಂದು ಸೆಕೆಂಡು. ಎರಡು. ಮೂರು. ಕಂಟೇನರು ಯಾರ್ಡಿಗಿಳಿಯಿತು, ಕ್ರೇನುಗಳು ಒಂದೊಂದಾಗಿ ನಿಂತವು, ಪ್ರೋಗ್ರಾಮಿನ ಕಿಟಕಿ ಮುಚ್ಚಿತು. ಮತ್ತೆ ತೆರೆದರೆ ಆ ಕಂಟೇನರು ಯಾರ್ಡಿನಲ್ಲಿ ಮಾತ್ರ ಇತ್ತು.

"ನಿಂತೈತಲ್ರೀ!" ರೇವಣಸಿದ್ದಪ್ಪ ಹುಬ್ಬೇರಿಸಿದರು. "ನಮ್ಮ ಕ್ರೇನ್ ಡ್ರೈವರ್ ಊಟದ ಗಂಟಿ ಹೊಡದ್ರ ಪೆಟಗಿ ಆಕಾಶದಾಗ ಬಿಟ್ಟು ಹೊಕ್ಕಾನ. ಇದಕ್ಕ ಬುದ್ಧಿ ಕಲಿಸಿದವ್ರು ಯಾರು?"

ಸುಶಮೀಂದ್ರ ಬಾಯಿ ತೆರೆದರು. ಬೆರಳು ಮಾತ್ರ, ಪುಣ್ಯಕ್ಕೆ, ರಂಜನಿಯ ಕಡೆ ತೋರಿಸಿತು.

"ಸೋಮವಾರ ಹಾರ್ಬರಿಗೆ ಬಾರವ್ವಾ. ಇದನ್ನ ನಮ್ಮ ಕಂಪ್ಯೂಟರಿಗೆ ಹಾಕಿಕೊಟ್ಟು ಹೋಗು."

"ಬರ್ತೀನಿ ಸಾರ್!" ಎಂದು ಅವಳು ಕೂಗುವಷ್ಟರಲ್ಲಿ ಅವರು ಇನ್ನೂ ನಾಲ್ಕು ಸಲ ಬಟನ್ ಒತ್ತಿ ನೋಡಿಯಾಗಿತ್ತು.