ಟಾಕಿ ಕವರಿನ ಒಳಕಿಸೆ

ಮುತ್ತು ದೊಡ್ಡಪ್ಪನ ಬೈಕಿನ ಪೆಟ್ರೋಲ್ ಟಾಕಿಗೆ ತೊಡಿಸಿದ್ದ ಕವರನ್ನು ಬಿಚ್ಚಿ ತಂದು ದೊಡ್ಡವ್ವನ ಮುಂದೆ ಸುರುವಿದ. ಅದರ ಕಿಸೆಗಳಿಂದ ಸ್ಪಾನರು, ಪ್ಲಗ್ಗು, ಎಲೆ ಅಡಿಕೆ, ಬಾಚಣಿಗೆ, ಭಜನೆಯ ತಾಳ, ಕುರಿಯ ಔಷಧಿ ಉರುಳಿದವು.

"ಇಷ್ಟ ನೋಡ ದೊಡ್ಡವ್ವ. ನಿನಗ ಬೇಕಾದದ್ದು ಯಾವುದು?"

"ಇದರಾಗ ಇಲ್ಲ," ಎಂದಳು ಶೇವಂತೆವ್ವ. ಗಂಡನ ಬಾಯಿಯ ಮೇಲಿನ ವಸ್ತ್ರದಿಂದ ಕೈ ತೆಗೆಯಲಿಲ್ಲ.

ಕುರಿ ವ್ಯಾಪಾರಿ ಗುರಣ್ಣ ನಸುಕಿನಲ್ಲಿ ಮಲಗಿದಲ್ಲೇ ಹೋಗಿದ್ದ. ಇನ್ನೇನು ಬೀಗರು ಬಂದು ಬಾಯಿಗೆ ನೀರು ಬಿಡುವರು. ಆಗ ಬೊಚ್ಚು ಬಾಯಿ ಕನ್ನೊಳ್ಳಿ ಊರಿಗೆಲ್ಲ ಕಾಣುವುದು. ಅವನವು ಕಟ್ಟಿಸಿದ ಹಲ್ಲು ಎಂಬುದು ಅವಳೊಬ್ಬಳಿಗೇ ಗೊತ್ತು. ಯಾರಿಗೂ ಹೇಳದಂತೆ ಆಣೆ ಹಾಕಿಸಿದ್ದ.

ಭಜನಾ ಮೇಳದ ಯಲ್ಲಾಲಿಂಗ ಸ್ಪಾನರು ಎತ್ತಿಕೊಂಡ. "ಇದು ನಂದು. ಕಳದೈತಂತ ಹೆಂಡ್ತಿ ಕೂಡ ಜಗಳಾಡಿದ್ದೆ."

"ಹೋದಾವ್ರ ಮುಂದ ಲೆಕ್ಕಾ ತಗೀಬ್ಯಾಡೊ," ಎಂದ ನೆರೆಮನೆಯ ಕಾಂತು, ತನ್ನ ಬಾಚಣಿಗೆಯನ್ನು ಮೆಲ್ಲಗೆ ಕಿಸೆಗೆ ಇಳಿಸುತ್ತ.

*

ಒಮ್ಮೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಇಂಡಿ ಸಂತೆಗೆ ಹೊರಟಾಗ ಗುರಣ್ಣ ಪದ ಹಾಡುತ್ತ ಗಾಡಿ ಓಡಿಸುತ್ತಿದ್ದ. ಪದ ಮೇಲಿನ ಸ್ವರಕ್ಕೆ ಏರುವುದಕ್ಕೂ ಗಾಡಿ ರಸ್ತೆಯ ಉಬ್ಬು ಹಾರುವುದಕ್ಕೂ ಸರಿಹೋಯಿತು. ಹಲ್ಲು ಜೋಳದ ಹೊಲಕ್ಕೆ ಬಿದ್ದವು. ಗಂಡ ಹೆಂಡತಿ ಬಾಗಿ ಬಾಗಿ ಹುಡುಕಿದರು.

"ಏನ್ ಕಳಕೊಂಡೀರಿ?" ಎಂದು ದಾರಿಹೋಕರು ಕೇಳಿದರೆ, ಗುರಣ್ಣ ಬಾಯಿಗೆ ಟವೆಲು ಒತ್ತಿ, "ಉಂಗುರ," ಎಂದ.

ಅಂದಿನಿಂದ ಹಲ್ಲು ತೆಗೆದಿಟ್ಟೇ ಗಾಡಿ ಏರುವನು. ಕವರಿನಲ್ಲಿ ಎಲ್ಲಿಡುವನೆಂದು ಅವಳಿಗೂ ಹೇಳಿರಲಿಲ್ಲ. ನಿನ್ನೆ ದಣಿದು ಬಂದವನು ಹಾಗೇ ಮಲಗಿಬಿಟ್ಟಿದ್ದ.

*

ಸಿಂದಗಿಯಿಂದ ನಬಿಲಾಲ ಬಂದ. ಕವರು ಹೊಲಿದ ದರ್ಜಿ ಅವನೇ.

"ಎಲ್ಲಾ ಕಿಸೆ ನೋಡಿದ್ವಿ ಕಾಕಾ," ಎಂದ ಮುತ್ತು.

"ಎಲ್ಲಾ ಎಲ್ಲಿ ನೋಡೀರಿ?" ನಬಿಲಾಲ ಕವರು ಮಗುಚಿ, ಅಡಿಯ ಹೊಲಿಗೆಯೊಳಗೆ ಬೆರಳು ತೂರಿಸಿ ಸಣ್ಣ ಡಬ್ಬಿಯೊಂದನ್ನು ಎಳೆದ. ಅಲ್ಲಾಡಿಸಿದರೆ ಕಟಕಟ ಎಂದಿತು. "ಬಂಗಾರ ಇಡಾಕ ಒಂದು ಕಳ್ಳಗಿಸೆ ಬೇಕಂದಿದ್ದ ಅಣ್ಣ."

ಕೂತಿದ್ದವರೆಲ್ಲ ಕತ್ತು ಚಾಚಿದರು. ಶೇವಂತೆವ್ವ ಡಬ್ಬಿಯನ್ನು ಕಸಿದು ಸೆರಗಿನೊಳಗೆ ಸೇರಿಸಿದಳು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

ದವಡೆ ಬಿಗಿದಿತ್ತು. ಎಷ್ಟು ಒತ್ತಿದರೂ ಬಿಡಲಿಲ್ಲ.

"ಇದ್ದಾಗ ಮುಚ್ಚಲಿಲ್ರಿ," ಎಂದು ಗಂಡನ ಕಿವಿಯ ಬಳಿ ಗೊಣಗಿದಳು, "ಈಗ ತೆರಿಯಾಕ ಒಲ್ರಿ."

ಬಾಗಿಲ ಸಂದಿಯಿಂದ ಯಲ್ಲಾಲಿಂಗನ ದನಿ ಬಂತು: "ಅಕ್ಕಾ, ಹಲ್ಲು ಸಿಕ್ಕುವೇನ?"

"ಯಾವ ಹಲ್ಲು?"

"ಭಜನಿಯೊಳಗ ಎಷ್ಟೋ ಸಲ ನನ್ನ ಉಡಿಯಾಗ ಬಿದ್ದಾವ ಬಿಡು. ಅಂವ ಎತ್ತಿ ಹಾಕ್ಕೊಳ್ಳೂತನಾ ಎಲ್ಲಾರೂ ಆಕಡೆ ಮಾರಿ ಮಾಡಿ ತಾಳ ಬಡೀತಿದ್ವಿ. ನಮಗ ಗೊತ್ತೈತಂತ ಅಂವಗ ಗೊತ್ತಾಗಬಾರದಂತ ಮೇಳದಾವ್ರು ಆಣಿ ಮಾಡಿದ್ವಿ."

ಶೇವಂತೆವ್ವ ಬಾಗಿಲ ಸಂದಿಯಿಂದ ಕೈ ಚಾಚಿದಳು.

"ಕವರಿಗೆ ಒಂದು ಬಟ್ಟಿ ಪಿನ್ನ ಚುಚ್ಚಿರತೈತಿ, ಕೊಡು."

ಬೀಗರು ಬಂದು ಬಿಗಿದ ತುಟಿಗಳನ್ನು ನೀರಿನಲ್ಲಿ ತೋಯಿಸಿದರು. ಆಮೇಲೆ ಗುರಣ್ಣನನ್ನು ಹೊತ್ತು ನಡೆದರು. ಪಿನ್ನು ಹಾಕಿದ ಅವನ ಎದೆಗಿಸೆ ಹೆಜ್ಜೆಗೊಮ್ಮೆ ಕಟಕಟ ಎನ್ನುತ್ತಿತ್ತು. ಯಲ್ಲಾಲಿಂಗ ಆಚೆ ಮುಖ ತಿರುಗಿಸಿ, ತಾಳವನ್ನು ಇನ್ನಷ್ಟು ಜೋರಾಗಿ ಬಡಿದ.