ಜೀನರ ಹಟ್ಟಿ

"ಥೂ ಮುಂಡೇದೆ, ಕಾಲು ಎತ್ತಿ ತೂರ್ಸೇ! ಒಂದು ಪ್ಯಾಂಟು ಹಾಕ್ಸಾಕೂ ಬರಲ್ವಾ ನಿಂಗೆ? ಸ್ಟೇಜಿನ ಮೇಲೆ ಎಲ್ಲಾರೂ ಕಾಯ್ತಾ ಅವ್ರೆ!"

ಹೊಸದುರ್ಗದ ಕಲ್ಯಾಣಮಂಟಪದ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಮಗಳನ್ನು ಕೂರಿಸಿಕೊಂಡು ಜಯಕ್ಕ ಬೆವರುತ್ತಿದ್ದಳು. ಬೈಯುತ್ತಿದ್ದವರು ಕೊಬ್ಬರಿ ಮಂಡಿಯ ಮೂರ್ತಪ್ಪನವರು, ಇವತ್ತಿನ ಸಮಾರಂಭದ ಅಧ್ಯಕ್ಷರು. ಅಂಜಲಿಗೆ ಏಳು ವರ್ಷ. ಹುಟ್ಟಿದಾಗಿನಿಂದ ಕಾಲಲ್ಲಿ ಕಸುವಿಲ್ಲ, ಒಂದು ದಿನವೂ ನಿಂತವಳಲ್ಲ. ಅಂಥ ಕಾಲಿಗೆ ತೊಗಲಿನಷ್ಟು ಗಟ್ಟಿಯಾದ ಹೊಸ ಜೀನ್ಸ್ ಪ್ಯಾಂಟು ಏರಿಸಬೇಕಿತ್ತು.

"ಲಂಗನೇ ಇರ್ಲಿ ಬಿಡ್ರಿ ಸಾವ್ಕಾರ್ರೇ. ಮಗೀಗೆ ನೋಯ್ತೈತೆ."

"ಇವತ್ತಿನ ದಿನ ಎಲ್ಲಾರೂ ಜೀನ್ಸ್ ಹಾಕ್ಕಂಬೇಕು ಕಣೇ. ಅರವತ್ತೆರಡು ವರ್ಷದ ನಾನೇ ಹಾಕ್ಕಂಡಿಲ್ವಾ?"

ಹಾಕಿಕೊಂಡಿದ್ದರು, ಪಾಪ. ಹೊಟ್ಟೆ ಪ್ಯಾಂಟಿನ ಒಳಗಿರಬೇಕೋ ಹೊರಗಿರಬೇಕೋ ಇನ್ನೂ ತೀರ್ಮಾನವಾಗಿರಲಿಲ್ಲ. ಒಂದೇ ಒಂದು ಗುಂಡಿಯ ದಯೆಯಿಂದ ಅಧ್ಯಕ್ಷರ ಮಾನ ನಿಂತಿತ್ತು. ಹೊರಗೆ ಬ್ಯಾನರಿನಲ್ಲಿ ಆಳೆತ್ತರದ ಅಕ್ಷರ: 'ಜೀನ್ಸ್ ತೊಡಿ, ಜೀನ್ ಅರಿಯಿರಿ. ಮಕ್ಕಳ ವಂಶವಾಹಿ ಕಾಯಿಲೆಯ ಸಂಶೋಧನೆಗೆ ಕೈಜೋಡಿಸಿ.'

ಈ ಜೀನು ಅನ್ನೋ ಮಾತಿನಿಂದ ಬಾಗೂರಿನ ಕಡೆಯ ಜಯಕ್ಕನ ಹಟ್ಟಿ ಒಂದು ಸಲ ಬೇಸ್ತು ಬಿದ್ದಿತ್ತು. ಎರಡು ವರ್ಷದ ಹಿಂದೆ ಬೆಂಗಳೂರಿನ ಡಾಕ್ಟರು ಚೇತನ್‌ಕುಮಾರ್ ವ್ಯಾನಿನಲ್ಲಿ ಬಂದು, ಗುಡಿಯ ಮುಂದೆ ನಿಂತು, "ನಿಮ್ಮ ಹಟ್ಟಿಯ ಜೀನಲ್ಲೇ ದೋಷ ಇದೆ" ಅಂದುಬಿಟ್ಟರು. ಹಿರೀಕ ಕಾಟಯ್ಯನಿಗೆ ನೆತ್ತಿಗೇರಿತು. ಜೀನ ಅಂದರೆ ಕೈ ಬಿಚ್ಚದ ಜಿಪುಣ! ಬಂದವರನ್ನು ಮಜ್ಜಿಗೆ ಕೊಡದೆ ಕಳಿಸಿದ ಹಟ್ಟಿಯಾ ಇದು?

"ನಮ್ಮನ್ನ ಜೀನ್ರು ಅಂದ್ನಲ್ರೋ ಈ ಸೂಳೆಮಗ! ಕಡೀರಲೇ ಟಗರ!"

ಟಗರು ಬಿತ್ತು. ಡಾಕ್ಟರು ಮುದ್ದೆ ಮುರಿದು, ಟಗರಿನ ಈಲಿ ತುಂಡು ಇನ್ನೂ ಇದೆಯಾ ಅಂತ ಕೇಳಿ ಹಾಕಿಸಿಕೊಂಡು ಉಂಡರು. ಉಂಡ ಮೇಲೆ ರಕ್ತ ಕೇಳಿದರು. ಜೀನರಲ್ಲ ಅಂತ ತೋರಿಸಬೇಕಲ್ಲ, ಇಪ್ಪತ್ತಮೂರು ಜನ ತೋಳು ಚಾಚಿ ಸಾಲಾಗಿ ನಿಂತರು. "ಮೂರು ತಿಂಗಳಲ್ಲಿ ರಿಪೋರ್ಟು" ಎಂದು ಹೋದ ಡಾಕ್ಟರು ಆಮೇಲೆ ಕಂಡದ್ದು ಪೇಪರಿನ ಫೋಟೋದಲ್ಲಿ, ಯಾವುದೋ ದೇಶದಲ್ಲಿ ಹಾರ ಹಾಕಿಸಿಕೊಳ್ಳುವಾಗ.

ಈಗ ಜಯಕ್ಕನಿಗೆ ಮತ್ತೆ ನಾಲ್ಕು ತಿಂಗಳು. ದುರ್ಗದ ಜಿಲ್ಲಾಸ್ಪತ್ರೆಯ ಲೇಡಿ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: "ಈ ಮಗೂಗೂ ಆ ಕಾಯಿಲೆ ಐತಾ ಅಂತ ಹೊಟ್ಟೇಲಿದ್ದಾಗ್ಲೇ ನೋಡಬಹುದಮ್ಮ. ಆದ್ರೆ ನಿಮ್ಮ ಜೀನಲ್ಲಿ ತಪ್ಪು ಎಲ್ಲೈತೆ ಅಂತ ಬರೆದಿರೋ ಆ ಹಳೇ ರಿಪೋರ್ಟು ಬೇಕು. ಈ ತಿಂಗಳೊಳಗೇ ತಗಂಬಾ. ತಡ ಆದ್ರೆ ಉಪಯೋಗ ಇಲ್ಲ." ಜಯಕ್ಕ ಇಲ್ಲಿಗೆ ಬಂದದ್ದು ಆ ಕಾಗದಕ್ಕೆ. ಶಾಲಿಗಲ್ಲ, ಸನ್ಮಾನಕ್ಕಲ್ಲ, ಈ ಹಾಳು ಪ್ಯಾಂಟಿಗಂತೂ ಅಲ್ಲವೇ ಅಲ್ಲ.

ಹೇಗೋ ಪ್ಯಾಂಟು ಏರಿಸಿ, ಮಗಳನ್ನೆತ್ತಿಕೊಂಡು ಸ್ಟೇಜು ಹತ್ತಿ, ಎರಡು ವರ್ಷದ ಮೇಲೆ ಮತ್ತೆ ಬಂದಿದ್ದ ಚೇತನ್‌ಕುಮಾರ್ ಡಾಕ್ಟರ ಪಕ್ಕದ ಕುರ್ಚಿಯಲ್ಲಿ ಕೂತಳು. ಮೂರ್ತಪ್ಪನವರು ಮೈಕು ಹಿಡಿದರು.

"ಮಹನೀಯರೇ, ಈ ಮಗುವನ್ನು ನೋಡಿ. ಈ ಜನ ತಿಳಿವಳಿಕೆಯಿಲ್ಲದೆ ಅಕ್ಕನ ಮಗಳು, ಮಾವನ ಮಗಳು ಅಂತ ಒಳಒಳಗೇ ಕಟ್ಟಿಕೊಂಡು ಕುಲವನ್ನೇ ಕೆಡಿಸಿಕೊಂಡಿದ್ದಾರೆ!"

ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಅನುಸೂಯಮ್ಮ ಮೊದಲು ಚಪ್ಪಾಳೆ ತಟ್ಟಿದರು. ಅನುಸೂಯಮ್ಮ ಮೂರ್ತಪ್ಪನವರ ಸ್ವಂತ ಅಕ್ಕನ ಮಗಳು. ಅವರ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆ ಕುರಿಮಂದೆ ನಿಲ್ಲಿಸುವ ಜಯಕ್ಕನಿಗೆ ಇದು ಗೊತ್ತು, ಹೊಸದುರ್ಗಕ್ಕೆಲ್ಲ ಗೊತ್ತು. ಚಪ್ಪಾಳೆ ಮಾತ್ರ ಛಾವಣಿ ಹಾರುವಂತೆ ಬಿತ್ತು.

ಜಯಕ್ಕ ಡಾಕ್ಟರ ಕಡೆ ಬಾಗಿದಳು. "ಸಾ, ನನ್ನ ಕಾಗ್ದ?"

"ಅದು ಸಂಶೋಧನೆಗೆ ಮಾತ್ರ ಕಣಮ್ಮ. ನಿಂಗೆ ಅರ್ಥ ಆಗಲ್ಲ."

"ಮಂದೇಲಿ ಒಂದೇ ಬಳಿ, ಒಂದೇ ರಗುತ ಕೂಡಬಾರ್ದು ಅಂತ ಎರಡು ವರ್ಷಕ್ಕೊಂದು ಸಲ ಟಗರು ಬದ್ಲಾಯ್ಸೋರು ಸಾ ನಾವು. ಅಷ್ಟೋ ಇಷ್ಟೋ ಅರ್ಥ ಆಗ್ತೈತೆ. ನಂಗಾಗ್ದಿದ್ರೆ ದುರ್ಗದ ಡಾಕ್ಟ್ರಮ್ಮಂಗೆ ಆಗ್ತೈತೆ. ಕೊಡ್ರಿ."

"ಕಂಪ್ಯೂಟರಲ್ಲಿದೆ. ನೋಡೋಣ. ಮೊದಲು ಇನ್ನೊಂದು ಸಲ ರಕ್ತ ಕೊಡು. ಫೋಟೋದವರು ಕಾಯ್ತಿದ್ದಾರೆ."

ನರ್ಸ್ ಸುಷ್ಮಿತಾ ನೀಲಿ ಐಸ್ ಡಬ್ಬ ತಂದು ಮುಂದಿಟ್ಟಳು. ಬೆಳಿಗ್ಗೆಯೇ ಹಟ್ಟಿಗೆ ಹೋಗಿ ಉಳಿದ ಇಪ್ಪತ್ತೆರಡು ಜನರ ರಕ್ತ ತುಂಬಿಕೊಂಡು ಬಂದಿದ್ದಳು. ಜಯಕ್ಕನದೊಂದನ್ನು ಸ್ಟೇಜಿನ ಶೋಭೆಗೆ ಉಳಿಸಿದ್ದರು.

"ಬೇಗ ಸಾರ್, ಐಸ್ ಕರಗ್ತೈತೆ. ಸಂಜೆಯೊಳಗೆ ಬೆಂಗಳೂರು ಸೇರ್ಬೇಕು" ಎಂದಳು ಸುಷ್ಮಿತಾ.

ಜಯಕ್ಕನ ಕಿವಿಗೆ ಆ ಮಾತು ಬಿತ್ತು. ಎದ್ದಳು. ಡಬ್ಬದ ಮುಚ್ಚಳ ಹಾಕಿದಳು. ಅದರ ಮೇಲೆ ಅಂಜಲಿಯನ್ನು ಕೂರಿಸಿ, ಮಗಳ ಸೊಂಟಕ್ಕೆ ತೋಳು ಬಳಸಿ, ತಾನೂ ಪಕ್ಕದಲ್ಲಿ ನೆಲಕ್ಕೆ ಕುಂತಳು.

"ಏಯ್! ಏನೇ ಇದು? ಎತ್ತೇ ಆ ಕೂಸ!" ಮೂರ್ತಪ್ಪನವರು ಮೈಕಿನಲ್ಲೇ ಕೂಗಿದರು.

"ಕಾಗ್ದ ಕೊಡ್ರಿ, ಎತ್ತೀನಿ."

"ನಿಮ್ಮವ್ವನ್! ಕುರಿ ಕಾಯೋ ಲೌಡಿಗೆ ಎಷ್ಟು ಕೊಬ್ಬು ನೋಡು!" ಮೂರ್ತಪ್ಪನವರು ಡಬ್ಬ ಎಳೆಯಲು ಬಗ್ಗಿದರು. ಟಪ್ ಎಂದು ಗುಂಡಿ ಹಾರಿ ಫೋಟೋದವನ ಕಾಲ ಬಳಿ ಬಿತ್ತು. ಅಧ್ಯಕ್ಷರು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತರು. ಡಬ್ಬ ಎಳೆಯಲು ಅವರಿಗೆ ಮೂರನೇ ಕೈ ಇರಲಿಲ್ಲ. ಸಭೆಯ ಮೊಬೈಲುಗಳೆಲ್ಲ ಮೇಲೆದ್ದವು. ಕಾಲಲ್ಲಿ ಕಸುವಿಲ್ಲದ ಮಗುವನ್ನು ಕ್ಯಾಮೆರಾ ಮುಂದೆ ಎಳೆದು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಡಾಕ್ಟರು ಕುರ್ಚಿ ಬಿಟ್ಟು ಎದ್ದರು. "ಅಮ್ಮಾ, ಐಸ್ ಕರಗಿದ್ರೆ ರಕ್ತ ಎಲ್ಲಾ ಹಾಳು! ನನ್ನ ಎರಡು ವರ್ಷದ ಕೆಲಸ ನಿಂತು ಹೋಗುತ್ತೆ!"

"ಕರಗ್ಲಿ ಸಾ. ನನ್ನ ಹೊಟ್ಟೇನೂ ಕಾಯಾಕಿಲ್ಲ." ಅವಳ ತೋಳು ಸಡಿಲವಾಗಲಿಲ್ಲ. "ರಗುತ ಕೊಡಾಕಿಲ್ಲ ಅಂತ ನಾ ಯಾವಾಗಂದೆ? ಟಗರು ಕೇಳ್ದಂಗೆ ಟಗರು ಹಾಕಿದ್ವಿ, ರಗುತ ಕೇಳ್ದಂಗೆ ರಗುತ ಕೊಟ್ವಿ. ಒಂದು ಹಾಳೆ ಕಾಗ್ದ ಕೊಡಾಕೆ ಎರಡು ವರ್ಷ ಕೈ ಬಿಚ್ಚಲಿಲ್ಲ ನೀವು. ಈಗ ಹೇಳ್ರಿ, ಜೀನ್ರು ಯಾರು?"

ಮೈಕು ಕುಯ್ ಎಂದಿತು.

"ಅವ್ವಾ, ಕುಂಡಿ ತಣ್ಣಗಾತೈತೆ" ಎಂದು ಅಂಜಲಿ ಕಿಸಕ್ಕನೆ ನಕ್ಕಳು.

ಡಬ್ಬದ ಮೂಲೆಯಿಂದ ನೀರು ತೊಟ್ಟಿಕ್ಕಿ, ಸ್ಟೇಜಿನ ಹಲಗೆಯ ಮೇಲೆ ಡಾಕ್ಟರ ಬೂಟಿನ ಕಡೆ ಹರಿಯತೊಡಗಿತು. ಡಾಕ್ಟರು ಕಾಲು ಹಿಂದಕ್ಕೆ ತೆಗೆದುಕೊಂಡು, ಜೇಬಿನಿಂದ ಫೋನು ತೆಗೆದು, "ಆ ಹಟ್ಟಿಯವರ ರಿಪೋರ್ಟು ಈಗಲೇ ಕಳಿಸಿ" ಎಂದು ಬೆಂಗಳೂರಿಗೆ ಹೇಳಿದರು. ಜಯಕ್ಕ ಕುಂತೇ ಇದ್ದಳು.