ಏಳು ಸುತ್ತಿನ ಹೊಲಿಗೆ

ಶಹಾಬಾದಿನ ಬಾಬುಮಿಯಾ ಕಟ್ಟಿದ ಗಂಟು ಬಿಚ್ಚುವುದಿಲ್ಲ. ಇದು ಊರಿನ ಮಾತು. ಆದರೆ ಊರಿಗಿಂತ ಹೆಚ್ಚು ಸಲ ಇದನ್ನು ಹೇಳುತ್ತಿದ್ದವನು ಸ್ವತಃ ಬಾಬುಮಿಯಾನೇ. ನಲವತ್ತು ವರ್ಷಗಳಿಂದ ಸಂಕ್ರಾಂತಿಗೆ ಪತಂಗ, ಅಂದರೆ ಗಾಳಿಪಟ, ಕಟ್ಟುವುದು, ಉಳಿದ ದಿನ ಮಶೀನಿನ ಮುಂದೆ ಕುಳಿತು ಶಾಲೆಯ ಚೀಲ, ಮಳೆಗೆ ಹೊದಿಸುವ ತಾಡಪತ್ರಿ ಹೊಲಿಯುವುದು ಅವನ ಕಸುಬು. ಎದುರಿನ ಅಂಗಡಿಯ ಮೆಹತಾಬ್ ಕೂಡ ಪತಂಗ ಕಟ್ಟುತ್ತಾನೆ. ಅವನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಬಾಬುಮಿಯಾ ಮೂಗು ಮುರಿದು ಸುಮ್ಮನಾಗುತ್ತಿದ್ದ. ಅಷ್ಟು ಸಾಕಾಗುತ್ತಿತ್ತು.

ಬಾಬುಮಿಯಾನ ಅಂಗಡಿಗೆ ಆಷಾಢದ ಒಂದು ಸಂಜೆ ಕರುಣಾ ಬಂದಳು. ಚಿತ್ತಾಪುರದ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಎರಡು ಬೇಸಿಗೆ ರಜೆಯಲ್ಲಿ ಕೊಂಕಣದ ಕಡಲ ದಂಡೆಗೆ ಹೋಗಿ, ಪತಂಗ ಎಳೆಯುವ ಗಾಡಿ ಓಡಿಸುವುದನ್ನು ಕಲಿತು, ಹಳೆಯದೊಂದು ಗಾಡಿಯನ್ನೂ ಕೊಂಡು ತಂದಿದ್ದಳು. ಮೂರು ಗಾಲಿ, ನೆಲಕ್ಕೆ ತಾಗುವಂಥ ಕುರ್ಚಿ, ಎಂಜಿನ್ ಇಲ್ಲ. ಕಾಲಿನಿಂದ ಮುಂದಿನ ಗಾಲಿ ತಿರುಗಿಸಬೇಕು, ಕೈಯಿಂದ ಪತಂಗ ಆಡಿಸಬೇಕು. ಪತಂಗವೆಂದರೆ ಕಾಗದದ್ದಲ್ಲ. ಮಂಚದ ಚಾದರಕ್ಕಿಂತ ಅಗಲದ ಜಾರುಬಟ್ಟೆ. ಅದು ಜಾಲಿ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಸೊಂಟಕ್ಕೆ ಕಟ್ಟುವ ಪಟ್ಟಾದ ಹೊಲಿಗೆಯೂ ಸಡಿಲಾಗಿತ್ತು.

"ಚಾಚಾ, ಹಾರೋ ಬಟ್ಟಿ ಹೊಲಿಯೋರು ನೀವೊಬ್ಬರೇ ಅಂತ ಎಲ್ಲಾರೂ ಹೇಳ್ತಾರ್ರಿ."

ಈ ಮಾತು ಕೇಳಿದ ಮೇಲೆ ಬಾಬುಮಿಯಾ ಬೇರೆ ಕೆಲಸ ಮುಟ್ಟಲಿಲ್ಲ. ಮೂರು ದಿನ ಕುಳಿತು ಹೊಲಿದ. ಕೊನೆಗೆ ಪಟ್ಟಾ ಕೈಗೆತ್ತಿಕೊಂಡಾಗ ಅದರ ಮುಂದುಗಡೆ ಒಂದು ವಿಚಿತ್ರ ಕಂಡ. ಪತಂಗದ ಹಗ್ಗಗಳೆಲ್ಲ ಬಂದು ಸೇರುವ ಕುಣಿಕೆಯನ್ನು ಬರೀ ಒಂದು ಕಬ್ಬಿಣದ ಕಡ್ಡಿ ಹಿಡಿದಿತ್ತು. ಕಡ್ಡಿಯ ತುದಿಗೆ ಕೆಂಪು ಗುಂಡು. ಗುಂಡು ಹಿಡಿದು ಎಳೆದರೆ ಕಡ್ಡಿ ಕಳಚಿ, ಕುಣಿಕೆ ತೆರೆದುಕೊಳ್ಳುತ್ತಿತ್ತು. ಎಳೆದರೆ ಬಿಚ್ಚುವ ಗಂಟು! ಯಾರೋ ಕೆಲಸಗಳ್ಳ ಮಾಡಿದ್ದಿರಬೇಕು ಎಂದುಕೊಂಡ. ಮೇಣ ಸವರಿದ ದಾರ ತೆಗೆದು ಕುಣಿಕೆಯನ್ನು ಏಳು ಸುತ್ತು ಬಿಗಿದು ಹೊಲಿದ. ಚೆಂದ ಕಾಣಲೆಂದು, ಕೆಂಪು ಗುಂಡನ್ನು ಹೊರಗೆ ಬಿಟ್ಟು, ಹೊಲಿಗೆಯ ಮೇಲೊಂದು ಬಟ್ಟೆಯನ್ನೂ ಹೊದಿಸಿದ. ಇದಕ್ಕೆ ಮಜೂರಿ ಕೇಳಲಿಲ್ಲ. ಪ್ರೀತಿಯಿಂದ ಮಾಡಿದ್ದು.

ಆದಿತವಾರ ಬೆಳಿಗ್ಗೆ ಕರುಣಾ ಅವನನ್ನು ಹಳೆಯ ಫರಸಿ ಖಣಿಗೆ ಕರೆದಳು. ಹಾಸುಗಲ್ಲು ತೆಗೆದು ಬಿಟ್ಟುಹೋದ ಜಾಗ. ನೆಲ ಹಾಸಿದ ಹಾಗೆ ಸಪಾಟು, ಕರೆಂಟಿನ ತಂತಿ ಹತ್ತಿರದಲ್ಲಿಲ್ಲ. ಮೂಡಣ ತುದಿಯಲ್ಲಿ ಮಾತ್ರ ನೀರು ತುಂಬಿದ ಆಳದ ಗುಂಡಿ. ಕರುಣಾಳ ಶಾಲೆಯ ಹುಡುಗಿಯರೂ ಸೇರಿ ಹತ್ತಿಪ್ಪತ್ತು ಜನ ನೆರೆದಿದ್ದರು. ಮೆಹತಾಬನೂ ಬಂದಿದ್ದ, ಕೈಕಟ್ಟಿಕೊಂಡು.

ಕರುಣಾ ತಲೆಗೆ ಹೆಲ್ಮೆಟ್ ಹಾಕಿದಳು. ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡಿದಳು. ಪಡುವಣ ಗಾಳಿ. ಜನರನ್ನೆಲ್ಲ ಗಾಳಿ ಬರುವ ಬದಿಗೆ ಸರಿಸಿದಳು.

"ಕಡಲ ದಂಡಿಮ್ಯಾಲ ಕಲಿಸೋರು ಇದೇ ಮೊದಲ ಹೇಳ್ತಿದ್ರು. ಪತಂಗದ ಮುಂದ ಯಾರೂ ನಿಂದ್ರಬಾರದು. ಹಗ್ಗ ಬಿಗಿ ಆದ್ರ ಚಾಕೂನಂಗ ಕೊಯ್ತದ. ಗಾಳಿ ಭಾಳ ಆಯ್ತು, ಗಾಡಿ ಕೈ ಮೀರ್ತು ಅಂದ್ರ ಈ ಕೆಂಪು ಗುಂಡು ಎಳೀಬೇಕು. ಪತಂಗ ಬಿಟ್ಟು ಹೋಗ್ತದ, ಮನಷಾ ಉಳೀತಾನ."

ಬಾಬುಮಿಯಾನಿಗೆ ತಾನು ಬಿಗಿದ ಏಳು ಸುತ್ತು ನೆನಪಾಯಿತು.

ಒಬ್ಬ ಹುಡುಗಿ ಕೇಳಿದಳು. "ಟೀಚರ್, ಎಳೆದು ತೋರಿಸ್ರಿ."

"ಹೊರಡೂ ಮೊದಲ ದಿನಾ ಎಳೆದು ನೋಡ್ಬೇಕು, ಖರೇ. ಆದ್ರ ಇವತ್ತು ಚಾಚಾನ ಕೈಯಿಂದ ಬಂದದ. ಮತ್ತೇನು ನೋಡೋದು?"

ಎಲ್ಲರೂ ಅವನತ್ತ ತಿರುಗಿದರು. ಮೆಹತಾಬನೂ. ಬಾಯಿ ತೆರೆದರೆ ಮಾತು ಬರುತ್ತಿತ್ತು. ತೆರೆಯಲಿಲ್ಲ. ಗಾಳಿ ಇನ್ನೂ ಮೆತ್ತಗಿದೆ, ಒಂದು ಸುತ್ತು ಹೋಗಿ ಬರಲಿ, ಆಮೇಲೆ ಮರೆಯಲ್ಲಿ ಕರೆದು ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಲವತ್ತು ವರ್ಷದ ಹೆಸರು ಮೆಹತಾಬನ ಎದುರು ಮಣ್ಣುಪಾಲಾಗುವುದು ಬೇಡವಾಗಿತ್ತು, ಅಷ್ಟೇ.

ಪತಂಗ ಎದ್ದಿತು. ಗಾಡಿ ಕಲ್ಲಿನ ಮೇಲೆ ಸರ್ರನೆ ಹರಿದು ಹೋಗಿ ತಿರುಗಿ ಬಂತು. ಜನ ಚಪ್ಪಾಳೆ ತಟ್ಟಿದರು. ಬಾಬುಮಿಯಾ ಕೈಯೆತ್ತಿ ಕರೆದ. ಅವಳು ನಕ್ಕು, ಅವನೂ ಖುಷಿಪಟ್ಟ ಎಂದು ತಿಳಿದು, ಮತ್ತೊಂದು ಸುತ್ತಿಗೆ ತಿರುಗಿದಳು.

ಆಗ ಗಾಳಿ ಜೋರಾಯಿತು. ಗಾಡಿಯ ಒಂದು ಗಾಲಿ ನೆಲ ಬಿಟ್ಟಿತು. ಅವಳ ಕೈ ಸೊಂಟಕ್ಕೆ ಹೋಗಿ ಕೆಂಪು ಗುಂಡನ್ನು ಎಳೆದದ್ದು ಬಾಬುಮಿಯಾನಿಗೆ ದೂರದಿಂದಲೇ ಕಂಡಿತು. ಕುಣಿಕೆ ತೆರೆದುಕೊಳ್ಳಲಿಲ್ಲ. ಪತಂಗ ಬಿಟ್ಟು ಹೋಗಲಿಲ್ಲ. ಅವಳು ಮತ್ತೆ ಮತ್ತೆ ಎಳೆದಳು. ಗಾಡಿ ಮಗುಚಿತು. ಪತಂಗ ಅವಳನ್ನು ಕಲ್ಲಿನ ಮೇಲೆ ಗುಂಡಿಯತ್ತ ಎಳೆದುಕೊಂಡು ಹೋಯಿತು. ಬಾಬುಮಿಯಾ "ಯಾ ಅಲ್ಲಾ" ಎನ್ನುತ್ತ ಓಡಿದ. ಚಪ್ಪಲಿ ಎಲ್ಲಿ ಬಿದ್ದವೋ. ಅವನಿಗಿಂತ ಮುಂದೆ ಓಡಿದವನು ಮೆಹತಾಬ್. ಗುಂಡಿಗೆ ನಾಲ್ಕು ಮಾರು ಇರುವಾಗ ಅವಳ ಕಾಲು ಹಿಡಿದು ಮೇಲೆ ಬಿದ್ದ. ಇಬ್ಬರ ಭಾರಕ್ಕೆ ಪತಂಗ ತಡವರಿಸಿ ನೆಲ ಕಚ್ಚಿತು.

ಕರುಣಾಳ ಎಡಗೈ ಮುರಿದಿತ್ತು. ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿದಾಗ, ಪಕ್ಕದಲ್ಲಿ ನಿಂತಿದ್ದ ಇಬ್ಬರು ಮುದುಕರಿಗೆ ಅವಳೇ ಧೈರ್ಯ ಹೇಳಿದಳು.

"ನಂದೇ ತಪ್ಪು ಚಾಚಾ. ಗಾಬರಿ ಆಗಿ ಗುಂಡು ಸರಿಯಾಗಿ ಎಳೀಲಿಲ್ಲ ಕಾಣಸ್ತದ. ನೀವು ಮನಸಿಗಿ ಹಚ್ಚಿಕೋಬ್ಯಾಡ್ರಿ."

ಬಾಬುಮಿಯಾನಿಗೆ ಇಷ್ಟು ಸುಲಭದ ದಾರಿ ಯಾರೂ ಎಂದೂ ಕೊಟ್ಟಿರಲಿಲ್ಲ. ಹೂಂ ಎಂದರೆ ಮುಗಿಯುತ್ತಿತ್ತು. ಮೆಹತಾಬ್ ಕಿಟಕಿಯ ಹತ್ತಿರ ನಿಂತು, ತರಚಿಹೋದ ತನ್ನ ಮೊಣಕೈಗೆ ಹತ್ತಿ ಒತ್ತಿಕೊಳ್ಳುತ್ತಿದ್ದ.

"ನೀ ಸರಿಯಾಗೇ ಎಳದಿ ಬೇಟಿ," ಎಂದ ಬಾಬುಮಿಯಾ. "ಅದು ಬಿಚ್ಚಲಾರದಂಗ ನಾನೇ ಹೊಲದಿದ್ದೆ. ಏಳು ಸುತ್ತು. ಅದು ಬಿಚ್ಚಲಿಕ್ಕೇ ಮಾಡಿದ್ದು ಅಂತ ನಂಗ ತಿಳೀಲಿಲ್ಲ."

ಕರುಣಾ ದಿಂಬಿನಿಂದ ತಲೆ ಎತ್ತಿದಳು.

"ಯಾವಾಗ ತಿಳೀತು?"

"ನೀ ಹುಡುಗ್ಯಾರಿಗಿ ಹೇಳಾಕತ್ತಾಗ."

"ಅಂದ್ರ ನಾ ಗಾಡ್ಯಾಗ ಕೂಡೂ ಮೊದಲ."

"ಹೌದು. ಇಂವ ನಿಂತಿದ್ದ," ಎಂದು ಮೆಹತಾಬನತ್ತ ಗೋಣು ತಿರುಗಿಸಿದ. "ಇವನ ಮುಂದ ನನ್ನ ಹೊಲಿಗಿ ತಪ್ಪು ಅನ್ನಲಿಕ್ಕ ನಾಲಗಿ ಏಳಲಿಲ್ಲ."

ಮೆಹತಾಬ್ ತಲೆ ಎತ್ತಲಿಲ್ಲ. ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ.

ಕರುಣಾ ಬೈಯಲಿಲ್ಲ. ಬೈದಿದ್ದರೆ ಬಾಬುಮಿಯಾ ಹಗುರಾಗುತ್ತಿದ್ದ. ಅವಳು ಕಣ್ಣು ಮುಚ್ಚಿ, ದಣಿದ ದನಿಯಲ್ಲಿ ಇಷ್ಟೇ ಹೇಳಿದಳು.

"ಕೈ ಕೂಡಿದ ಮ್ಯಾಲ ಬರ್ತೀನಿ ಚಾಚಾ. ಆ ಹೊಲಿಗಿ ನೀವೇ ಬಿಚ್ಚಿಕೊಡ್ರಿ. ಆದ್ರ ಇನ್ನಮ್ಯಾಲ ನಿಮ್ಮ ಕೈಯ ಕೆಲಸ ಇದ್ರೂ ನಾ ಗುಂಡು ಎಳೆದು ನೋಡೇ ಗಾಡ್ಯಾಗ ಕೂಡ್ತೀನಿ."

"ನೋಡು ಬೇಟಿ," ಎಂದ ಬಾಬುಮಿಯಾ. "ನೋಡಲೇಬೇಕು."